ತಾಯಿಯ ಹೆಸರಿನಲ್ಲಿ ಮಕ್ಕಳು ಬೇರೆಯಾಗಬಾರದು

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತಾಡಬೇಕಾದ ವಿಷಯ ಕೂಲಿಯದಲ್ಲ, ಬೋನಸ್ಸಿನದೂ ಅಲ್ಲ. ಯೇಸುಸ್ವಾಮಿಯ ತಾಯಿಯನ್ನು ಏನೆಂದು ಕರೆಯಬೇಕು, ಆಕೆಗೆ ಎಷ್ಟು ಗೌರವ ಸಲ್ಲಬೇಕು ಎಂಬುದರಲ್ಲಿ ಕಥೋಲಿಕರಿಗೂ ಪ್ರಾಟೆಸ್ಟೆಂಟರಿಗೂ ಇರುವ ಭಿನ್ನಾಭಿಪ್ರಾಯ ಇಂದಿನ ವಿಷಯ. ಇದು ಗುರುಗಳು, ಪಾಸ್ಟರುಗಳು ನೋಡಿಕೊಳ್ಳುವ ಸಂಗತಿ, ದುಡಿಯುವವರಿಗೆ ಯಾಕೆ ಎಂದು ಕೆಲವರು ಕೇಳಬಹುದು. ಆದರೆ ಈ ವಾದ ದೇವಾಲಯದಲ್ಲೇ ನಿಂತಿಲ್ಲ. ಅಡಿಗೆಮನೆಗೆ ಬಂದಿದೆ, ಮದುವೆಯ ಚಪ್ಪರಕ್ಕೆ ಬಂದಿದೆ, ಸಂಘದ ಮೀಟಿಂಗಿಗೂ ಬಂದಿದೆ. ಆದುದರಿಂದ ನಾವೂ ತಿಳಿದು ಮಾತಾಡಬೇಕು.

ನಾವು ಬಂದಿರುವುದು ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯಿಂದ. ಆ ಸೀಮೆಯನ್ನು ನಿಮ್ಮಲ್ಲಿ ಹಲವರು ನೋಡಿರಲಿಕ್ಕಿಲ್ಲ. ರಾಯಚೂರು ಬಿಟ್ಟು ಉತ್ತರಕ್ಕೆ ಕೃಷ್ಣಾ ಹೊಳೆ ದಾಟಿದರೆ ಮಕ್ತಲ್ ಸೀಮೆ. ಅದರಾಚೆ ಸೀರೆ ನೇಯುವ ನಾರಾಯಣಪೇಟೆ. ರಾಯಚೂರಿನ ಪೂರ್ವಕ್ಕೆ ಗದ್ವಾಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಹಂಚಿದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಮೂರು ಊರುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ತೆಲಂಗಾಣದಲ್ಲಿವೆ. ಗಡಿ ಬದಲಾಯಿತು, ಬೀಗತನ ಬದಲಾಗಲಿಲ್ಲ. ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಸಂತೆಯಲ್ಲಿ ತೆಲುಗು.

ಆ ಕಡೆ ಕ್ರಿಸ್ತನ ಸುವಾರ್ತೆ ಎರಡು ದಾರಿಯಿಂದ ಬಂತು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದಲೂ ಕಥೋಲಿಕರಿದ್ದಾರೆ. ಗೋವೆಯ ಕಡೆಯಿಂದ ಬಂದ ಯೇಸುಸಭೆಯ ಗುರುಗಳು ಅಲ್ಲಿ ದೇವಾಲಯ ಕಟ್ಟಿದರು. ಮಹಬೂಬನಗರ, ಗದ್ವಾಲ ಕಡೆಗೆ ಮೊದಲು ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್, ಆಮೇಲೆ ಮೆನ್ನೊನೈಟ್ ಬ್ರದರನ್ ಮಿಷನ್ ಬಂದವು. ಊರ ಹೊರಗಿನ ಕೇರಿಗಳಲ್ಲಿ ಅವರ ಸಭೆಗಳು ಬೆಳೆದವು. ಆ ಸಭೆಗಳಲ್ಲಿ ಪ್ರತಿಮೆ ಇಲ್ಲ, ಜಪಸರ ಇಲ್ಲ, ಸಂತರ ಹಬ್ಬವಿಲ್ಲ. ಬೈಬಲ್ ಓದುವುದು, ಹಾಡುವುದು, ತಿಳಿವಳಿಕೆ ಬಂದ ಮೇಲೆ ದೀಕ್ಷಾಸ್ನಾನ ತೆಗೆದುಕೊಳ್ಳುವುದು, ಇಷ್ಟೇ.

ಈಗ ಈ ಎರಡು ಕಡೆಯವರ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧಗಳಿವೆ. ಸೊಸೆ ಕೊರಳಲ್ಲಿ ಜಪಸರ ಹಾಕಿಕೊಂಡು ಬರುತ್ತಾಳೆ. ಅತ್ತೆ, “ಇದನ್ನ ತೆಗೆದಿಡವ್ವ, ನಮ್ಮ ಮನ್ಯಾಗ ಯೇಸಪ್ಪ ಒಬ್ಬನೇ” ಎನ್ನುತ್ತಾಳೆ. ಸೊಸೆ ತೆಗೆದು ಟ್ರಂಕಿನಲ್ಲಿಡುತ್ತಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ತೆಗೆದು ಜಪ ಮಾಡುತ್ತಾಳೆ. ಇಬ್ಬರೂ ಕೆಟ್ಟವರಲ್ಲ. ಅತ್ತೆಗೆ ಭಯ, ಸೊಸೆಗೆ ನೋವು. ನಿಮ್ಮ ಲೈನುಗಳಲ್ಲೂ ಒಂದು ಗೋಡೆಯ ಈಚೆಗೆ ಕಥೋಲಿಕರು, ಆಚೆಗೆ ಸಿ.ಎಸ್.ಐ.ನವರು ಇದ್ದಾರೆ. ಸೆಪ್ಟೆಂಬರ್ 8ರ ತೆನೆಹಬ್ಬ ಬಂದಾಗ ಗೋಡೆಯಾಚೆಯವರು ಏನೆನ್ನುತ್ತಾರೆಂದು ನಿಮಗೆ ಗೊತ್ತು.

ಮೊದಲು ಅತ್ತೆಯ ಭಯವನ್ನು ಅರ್ಥ ಮಾಡಿಕೊಳ್ಳೋಣ. ನಮ್ಮ ಸೀಮೆಯಲ್ಲಿ ‘ಅಮ್ಮ’ ಎಂದರೆ ಹೆತ್ತ ತಾಯಿಯೂ ಹೌದು, ದೇವತೆಯೂ ಹೌದು. ಗದ್ವಾಲ ಇರುವ ಜಿಲ್ಲೆಗೇ 2016ರಿಂದ ಆಲಂಪುರದ ಜೋಗುಳಾಂಬೆಯ ಹೆಸರಿದೆ. ಊರೂರಿಗೆ ಎಲ್ಲಮ್ಮ, ಮಾರೆಮ್ಮ ಇದ್ದಾರೆ. ನೆರೆಯವರ ಭಕ್ತಿಯನ್ನು ಹೀಗಳೆಯಲು ನಾವು ಈ ಮಾತು ಹೇಳುತ್ತಿಲ್ಲ. ಆದರೆ ಅಜ್ಜ ಅಜ್ಜಿಯರ ಕಾಲದಲ್ಲಿ ಆ ಪೂಜೆ ಬಿಟ್ಟು ಬಂದ ಕುಟುಂಬಕ್ಕೆ ‘ಮರಿಯಮ್ಮ’ ಎಂಬ ಶಬ್ದ, ಮುಂದೆ ದೀಪ, ಹೂವಿನ ಹಾರ, ಹರಕೆ ಇವೆಲ್ಲ ಒಟ್ಟಿಗೆ ಕಂಡರೆ, ಬಿಟ್ಟು ಬಂದದ್ದೇ ಮತ್ತೆ ಬಾಗಿಲಿಗೆ ಬಂತೇನೋ ಎನ್ನಿಸುತ್ತದೆ. ಹಾಗೆಯೇ ಪ್ರಾಟೆಸ್ಟೆಂಟರ ಕನ್ನಡ ಬೈಬಲಿನಲ್ಲಿ ‘ಮರಿಯಳು’ ಎಂದು ಏಕವಚನದಲ್ಲಿ ಓದಿದಾಗ ಕಥೋಲಿಕ ಸೊಸೆಗೆ ತನ್ನ ತವರಿನ ತಾಯಿಯನ್ನೇ ಹಗುರ ಮಾಡಿದಂತೆ ಕೇಳುತ್ತದೆ. ಓದುವವರ ಮನಸ್ಸಿನಲ್ಲಿ ಅಗೌರವವಿಲ್ಲ. ಆ ಗ್ರಂಥದ ಭಾಷೆಯೇ ಹಾಗಿದೆ. ಹೀಗೆ ಅರ್ಧ ಜಗಳ ಕಿವಿಯದು.

ಈ ಕಿವಿಯ ಜಗಳ ಹೊಸದಲ್ಲ. ಕ್ರಿ.ಶ. 431ರಲ್ಲಿ ಎಫೆಸ ಪಟ್ಟಣದಲ್ಲಿ ಧರ್ಮಾಧ್ಯಕ್ಷರ ಮಹಾಸಭೆ ಸೇರಿತು. ಕಾನ್‌ಸ್ಟಾಂಟಿನೋಪಲಿನ ನೆಸ್ತೋರಿಯಸ್ ಎಂಬ ಧರ್ಮಾಧ್ಯಕ್ಷರು, ಮರಿಯಮ್ಮನವರನ್ನು ‘ದೇವಮಾತೆ’ ಎನ್ನುವುದಕ್ಕಿಂತ ‘ಕ್ರಿಸ್ತನ ತಾಯಿ’ ಎನ್ನುವುದು ಮೇಲು ಎಂದಿದ್ದರು. ಮಹಾಸಭೆ ‘ದೇವಮಾತೆ’ ಎಂಬ ಬಿರುದನ್ನೇ ಎತ್ತಿಹಿಡಿಯಿತು. ಏಕೆ? ಆಕೆಯನ್ನು ದೇವತೆ ಮಾಡಲಿಕ್ಕಲ್ಲ. ಆಕೆಯ ಮಡಿಲಲ್ಲಿದ್ದ ಕೂಸು ಯಾರೆಂದು ಹೇಳಲಿಕ್ಕೆ. ಕೂಸು ನಿಜವಾಗಿ ದೇವರೂ ನಿಜವಾಗಿ ಮನುಷ್ಯನೂ ಆದ ಒಬ್ಬನೇ ವ್ಯಕ್ತಿಯಾದರೆ, ಹೆತ್ತವಳು ಆ ವ್ಯಕ್ತಿಯ ತಾಯಿ. ತೋಟದಲ್ಲಿ ಒಬ್ಬಳ ಮಗ ರೈಟರ್ ಆದನೆನ್ನಿ. ಆಕೆ ಅವನ ಹುದ್ದೆಯನ್ನು ಹೆರಲಿಲ್ಲ, ಮಗನನ್ನು ಹೆತ್ತಳು. ಆದರೂ ಆಕೆಯನ್ನು ರೈಟರ ತಾಯಿ ಎಂದರೆ ಸುಳ್ಳಾಗುವುದಿಲ್ಲ. ಹೋಲಿಕೆ ಸಣ್ಣದು, ದಾರಿ ಮಾತ್ರ ಅದೇ.

ಆ ಮಹಾಸಭೆಯ ತೀರ್ಮಾನ ಒಪ್ಪದೆ ದೂರ ಉಳಿದ ಪೂರ್ವದ ಅಸ್ಸೀರಿಯನ್ ಸಭೆ ಇಂದಿಗೂ ಇದೆ. ಕೇರಳದ ತ್ರಿಶ್ಶೂರಿನಲ್ಲಿ ಅವರ ಜನರಿದ್ದಾರೆ. 1994ರ ನವೆಂಬರ್ 11ರಂದು ಅವರ ಪಿತೃಪ್ರಧಾನರಾದ ನಾಲ್ಕನೇ ಮಾರ್ ದಿನ್ಖಾ ಮತ್ತು ಜಗದ್ಗುರು ಎರಡನೇ ಜಾನ್ ಪೌಲರು ಒಂದೇ ಕಾಗದಕ್ಕೆ ಸಹಿ ಹಾಕಿದರು. ನೀವು ಹೇಳುವ ಹೆಸರಿನಲ್ಲೂ ನಾವು ಹೇಳುವ ಹೆಸರಿನಲ್ಲೂ ಇರುವ ವಿಶ್ವಾಸ ಒಂದೇ ಎಂದು ಒಪ್ಪಿಕೊಂಡರು. ಇದಕ್ಕೆ ಹದಿನೈದು ಶತಮಾನ ಹಿಡಿಯಿತು. ನಮ್ಮ ಮನೆಗಳಲ್ಲಿ ಅಷ್ಟು ಕಾಲ ಕಾಯಲಿಕ್ಕಾಗುವುದಿಲ್ಲ.

ಇನ್ನು ಪ್ರಾಟೆಸ್ಟೆಂಟರ ಮೂಲಪುರುಷ ಮಾರ್ಟಿನ್ ಲೂಥರರ ಮಾತು. ಅವರು 1521ರಲ್ಲಿ, ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿರುವ ಮರಿಯಮ್ಮನವರ ಸ್ತುತಿಗೀತೆಗೆ ವಿವರಣೆ ಬರೆದರು. ‘ದೇವಮಾತೆ’ ಎಂಬ ಹೆಸರನ್ನು ಅವರು ಬಿಡಲಿಲ್ಲ. ಹೀಗಿರುವಾಗ, ಆ ಹೆಸರು ಹೇಳಿದವರೆಲ್ಲ ವಿಗ್ರಹಾರಾಧಕರು ಎಂದು ಪ್ರಾಟೆಸ್ಟೆಂಟ್ ಸಹೋದರರು ಹೇಳಬಾರದು. ಮರಿಯಮ್ಮನವರಿಗೆ ಜಪ ಮಾಡದವರೆಲ್ಲ ತಾಯಿಯಿಲ್ಲದ ಮಕ್ಕಳು ಎಂದು ಕಥೋಲಿಕರಾದ ನಾವೂ ಹೇಳಬಾರದು.

ಹಾಗಾದರೆ ಎಲ್ಲವೂ ಕಿವಿಯ ಜಗಳವೇ? ಅಲ್ಲ. ನಿಜವಾದ ಭಿನ್ನತೆಗಳಿವೆ, ಅವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಮರಿಯಮ್ಮನವರು ಜನ್ಮಪಾಪವಿಲ್ಲದೆ ಉದ್ಭವಿಸಿದರು ಎಂದು 1854ರಲ್ಲಿ, ದೇಹಾತ್ಮ ಸಹಿತ ಸ್ವರ್ಗಕ್ಕೆ ಸ್ವೀಕೃತರಾದರು ಎಂದು 1950ರಲ್ಲಿ ಜಗದ್ಗುರುಗಳು ವಿಶ್ವಾಸಸತ್ಯವಾಗಿ ಸಾರಿದರು. ಬೈಬಲಿನಲ್ಲಿ ನೇರವಾಗಿ ಬರೆದಿಲ್ಲದ್ದನ್ನು ಕಡ್ಡಾಯ ಮಾಡಬಾರದು ಎಂದು ಪ್ರಾಟೆಸ್ಟೆಂಟರು ಹೇಳುತ್ತಾರೆ. ಲೈನಿನಲ್ಲಿ ಪಕ್ಕದ ಮನೆಯ ಅಕ್ಕನಿಗೆ “ನನ್ನ ಮಗುವಿಗಾಗಿ ಪ್ರಾರ್ಥನೆ ಮಾಡಕ್ಕಾ” ಎಂದು ಕೇಳಿದ ಹಾಗೆಯೇ ನಾವು ಮರಿಯಮ್ಮನವರನ್ನು ಕೇಳುತ್ತೇವೆ ಎಂದು ಕಥೋಲಿಕರು ಹೇಳುತ್ತಾರೆ. ಪಕ್ಕದ ಅಕ್ಕ ನಮ್ಮ ನಡುವೆ ಬದುಕಿದ್ದಾಳೆ, ಅಗಲಿದವರನ್ನು ಕೇಳಲು ನಮಗೆ ಆಜ್ಞೆಯಿಲ್ಲ, ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದ ಪ್ರಕಾರ ಮಧ್ಯಸ್ಥ ಒಬ್ಬನೇ ಎಂದು ಅವರು ಉತ್ತರಿಸುತ್ತಾರೆ. ಈ ಭಿನ್ನತೆ ಇನ್ನೂ ಉಳಿದಿದೆ.

ಆದರೆ ಒಂದು ವಿಷಯ ನಮ್ಮ ಸಂಘದವರು ಗಮನಿಸಬೇಕು. ಇದರ ಬಗ್ಗೆ ಕಥೋಲಿಕ ಧರ್ಮಾಧ್ಯಕ್ಷರಲ್ಲೇ ಮತಗಳು ಹೋಳಾಗಿದ್ದವು. ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1963ರ ಅಕ್ಟೋಬರ್ 29ರಂದು, ಮರಿಯಮ್ಮನವರ ಬಗ್ಗೆ ಬೇರೆ ಗ್ರಂಥ ಬರೆಯಬೇಕೋ ಅಥವಾ ಧರ್ಮಸಭೆಯ ಕುರಿತ ಗ್ರಂಥದಲ್ಲೇ ಸೇರಿಸಬೇಕೋ ಎಂದು ಮತ ಹಾಕಿದರು. ಸೇರಿಸಬೇಕೆಂದವರು 1114, ಬೇಡವೆಂದವರು 1074. ನಲವತ್ತೇ ಮತಗಳ ಅಂತರ. ಹೀಗೆ ಮರಿಯಮ್ಮನವರು ಧರ್ಮಸಭೆಯ ಮೇಲೆ ಪ್ರತ್ಯೇಕವಾಗಿ ಕೂತ ರಾಣಿಯಾಗಿ ಅಲ್ಲ, ಧರ್ಮಸಭೆಯೊಳಗಿನ ಮೊದಲ ವಿಶ್ವಾಸಿಯಾಗಿ ಆ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಬಂದರು. ಆ ಗ್ರಂಥ 1964ರ ನವೆಂಬರ್ 21ರಂದು ಹೊರಬಂತು. ಸೋತ 1074 ಮಂದಿ ಎದ್ದುಹೋಗಿ ಬೇರೆ ಸಂಘ ಕಟ್ಟಲಿಲ್ಲ.

ಈಚಿನ ಸಂಗತಿ ಇನ್ನೂ ಮುಖ್ಯವಾದುದು. ಕೆಲವು ಕಥೋಲಿಕರು ಬಹಳ ಕಾಲದಿಂದ ಮರಿಯಮ್ಮನವರಿಗೆ ‘ಸಹವಿಮೋಚಕಿ’ ಎಂಬ ಬಿರುದು ಕೊಡಬೇಕೆಂದು ಒತ್ತಾಯ ಮಾಡುತ್ತಿದ್ದರು. ಕ್ರಿಸ್ತನ ಜೊತೆ ಆಕೆಯೂ ನಮ್ಮನ್ನು ಬಿಡಿಸಿದಳು ಎಂಬ ಹಾಗೆ ಆ ಮಾತು ಕೇಳುತ್ತದೆ. ಎರಡನೇ ಜಾನ್ ಪೌಲರೂ ಕೆಲವು ಸಲ ಅದನ್ನು ಬಳಸಿದ್ದರು. ಆದರೆ 2025ರ ನವೆಂಬರ್ 4ರಂದು ರೋಮಿನ ವಿಶ್ವಾಸ ಸಿದ್ಧಾಂತದ ಇಲಾಖೆ, ಜಗದ್ಗುರು ಹದಿನಾಲ್ಕನೇ ಲಿಯೋ ಅವರ ಒಪ್ಪಿಗೆ ಪಡೆದು, ಒಂದು ಪತ್ರ ಹೊರಡಿಸಿತು. ‘ವಿಶ್ವಾಸಿ ಜನರ ತಾಯಿ’ ಎಂಬುದು ಅದರ ಹೆಸರಿನ ಅರ್ಥ. ‘ಸಹವಿಮೋಚಕಿ’ ಎಂಬ ಬಿರುದು ಯಾವಾಗಲೂ ಯೋಗ್ಯವಲ್ಲ, ವಿಮೋಚಕ ಕ್ರಿಸ್ತನೊಬ್ಬನೇ ಎಂದು ಅದು ತಿಳಿಸಿತು. ಒಂದು ಮಾತಿಗೆ ಮತ್ತೆ ಮತ್ತೆ ಅರ್ಥ ಬಿಡಿಸಿ ಹೇಳಬೇಕಾಗಿ ಬಂದರೆ ಆ ಮಾತಿನಿಂದ ಜನರ ವಿಶ್ವಾಸಕ್ಕೆ ಉಪಕಾರವಿಲ್ಲ ಎಂಬುದು ಅದರ ಒಂದು ಕಾರಣ. ಮರಿಯಮ್ಮನವರನ್ನು ಪ್ರೀತಿಸಬೇಡಿರೆಂದು ಅದು ಹೇಳಲಿಲ್ಲ. ಆಕೆಯ ಪ್ರೀತಿ ಮಗನ ಕಡೆಗೆ ಕೈ ತೋರಿಸಬೇಕು ಎಂದಿತು. ಮಕ್ತಲಿನ ಅತ್ತೆ “ಯೇಸಪ್ಪ ಒಬ್ಬನೇ” ಎಂದದ್ದರಲ್ಲಿ ರೋಮು ಒಪ್ಪುವ ಸತ್ಯವಿದೆ ಎಂದು ನಾವು ಧೈರ್ಯವಾಗಿ ಹೇಳಬಹುದು. ಹಾಗೆಯೇ ಸೊಸೆ ರಾತ್ರಿ ಜಪ ಮಾಡುವಾಗ ಆಕೆ ನೆನೆಯುವುದು ಯೇಸುವಿನ ಜನನ, ಮರಣ, ಪುನರುತ್ಥಾನವನ್ನೇ ಎಂದು ಅತ್ತೆಯೂ ತಿಳಿಯಬೇಕು.

ಅದೇ ನವೆಂಬರಿನ 21ರಂದು ನಮ್ಮ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಲೈನ್ ಮನೆ, ಕುಡಿಯುವ ನೀರು, ಔಷಧಿ, ಕೂಸುಮನೆ ಇವುಗಳಿಗೆ ಆಧಾರವಾಗಿದ್ದ 1951ರ ತೋಟ ಕಾರ್ಮಿಕರ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂತು. ಅದರಲ್ಲಿ ನಮಗೆ ಏನು ಉಳಿಯಿತು, ಏನು ಬದಲಾಯಿತು ಎಂದು ಎಲ್ಲರೂ ಕೂತು ಓದಬೇಕಾದ ಹೊತ್ತಿನಲ್ಲಿ, ಮರಿಯಮ್ಮನವರ ಹೆಸರಿನಲ್ಲಿ ಒಂದೇ ಚೆಕ್‌ರೋಲಿನ ಜನ ಎರಡು ಗುಂಪಾದರೆ ಲಾಭ ಯಾರಿಗೆ? ಆಕೆ ಸ್ವತಃ ದುಡಿಯುವವರ ಮನೆಯ ಹೆಣ್ಣು. ಗಂಡ ಬಡಗಿ. ಬಡವರಿಗೆ ಹೇಳಿದ ಜೋಡಿ ಹಕ್ಕಿಯ ಕಾಣಿಕೆಯನ್ನೇ ಕೂಸಿಗಾಗಿ ದೇವಾಲಯದಲ್ಲಿ ಕೊಟ್ಟರು. ಕೂಸನ್ನೆತ್ತಿಕೊಂಡು ಪರದೇಶಕ್ಕೆ ಓಡಿದರು. ಆಕೆಯ ಸ್ತುತಿಗೀತೆಯಲ್ಲಿ ಗದ್ದುಗೆಯವರು ಇಳಿಯುತ್ತಾರೆ, ಕೆಳಗಿದ್ದವರು ಏಳುತ್ತಾರೆ, ಹಸಿದವರು ಉಣ್ಣುತ್ತಾರೆ. ಆ ಗೀತೆ ಎರಡೂ ಕಡೆಯವರ ಬೈಬಲಿನಲ್ಲಿದೆ.

ಆದುದರಿಂದ ನಾವು ಕೇಳಿಕೊಳ್ಳುವುದು ಇಷ್ಟು. ಮನೆಗೆ ಬಂದ ಸೊಸೆಯ ಜಪಸರವನ್ನು ಯಾರೂ ಬಲವಂತದಿಂದ ತೆಗೆಸಬೇಡಿ. ಬೇಡವೆನ್ನುವವರ ಕೈಗೆ ಜಪಸರ ಕೊಡಲೂಬೇಡಿ. ಸಾವಿನ ಮನೆಯಲ್ಲಿ ಗುರುಗಳೂ ಪಾಸ್ಟರೂ ಸರದಿಯಂತೆ ಪ್ರಾರ್ಥನೆ ಮಾಡಲಿ. ಹೆಣ ಮುಂದಿಟ್ಟುಕೊಂಡು ವಾದ ಬೇಡ. ಹಬ್ಬದ ವಂತಿಗೆ ಬೇರೆ, ಸಂಘದ ಚಂದಾ ಬೇರೆ ಇರಲಿ, ಎರಡಕ್ಕೂ ಬೇರೆ ಬೇರೆ ರಸೀದಿ ಇರಲಿ. ಮೀಟಿಂಗಿನ ಆರಂಭದಲ್ಲಿ ಯೇಸುಸ್ವಾಮಿಯೇ ಕಲಿಸಿದ ಪ್ರಾರ್ಥನೆ ಸಾಕು; ಅದು ಎಲ್ಲರಿಗೂ ಬರುತ್ತದೆ. ಮಕ್ಕಳಿಗೆ ಲೂಕನ ಮೊದಲ ಎರಡು ಅಧ್ಯಾಯಗಳನ್ನು ಅತ್ತೆಯೂ ಸೊಸೆಯೂ ಜೊತೆಗೆ ಕೂತು ಓದಿ ಹೇಳಲಿ. ಅಲ್ಲಿ ಏನಿದೆಯೋ ಅಷ್ಟರಲ್ಲಿ ಇಬ್ಬರೂ ಒಪ್ಪುತ್ತಾರೆ.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಆ ತಾಯಿ ಕೆಲಸದಾಳುಗಳ ಕಡೆ ತಿರುಗಿ, ಮಗ ಹೇಳಿದ್ದನ್ನು ಮಾಡಿರಿ ಎಂದರು. ಕೆಲಸದಾಳುಗಳಾದ ನಾವು ಆ ಮಾತನ್ನು ಕೇಳೋಣ. ಮುಂದಿನ ಭಾನುವಾರ ಸಂಹಿತೆಯ ಓದು ಇಟ್ಟುಕೊಂಡಿದ್ದೇವೆ. ಬಲಿಪೂಜೆ ಮುಗಿಸಿದವರೂ ಸಭೆಯ ಆರಾಧನೆ ಮುಗಿಸಿದವರೂ ದಯವಿಟ್ಟು ಒಟ್ಟಿಗೆ ಬನ್ನಿರಿ.