ಕೆಲಸಕ್ಕೆ ಹೊರಡುವ ಮುನ್ನ

(ಶೆಟ್ಟಿಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ನಿಂತ ಹಳೆಯ ಚರ್ಚನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅದೇ ನೀರಿನಡಿಗೆ ಹೋದ ಗದ್ದೆಗಳಲ್ಲಿ ನಾಟಿ ಹಾಕಿ ಕಳೆ ಕೀಳುತ್ತಿದ್ದ ಹೆಂಗಸರು ಆಮೇಲೆ ಏನು ಮಾಡಿ ಬದುಕಿದರು ಎಂದು ಯಾರೂ ಕೇಳುವುದಿಲ್ಲ. ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ನಮ್ಮಲ್ಲಿ ಎಷ್ಟು ಹೆಂಗಸರ ಹೆಸರು ಪಹಣಿಯಲ್ಲಿದೆ, ನೀವೇ ಹೇಳಿ.

ಈಗ ಎಲ್ಲರ ಬಾಯಲ್ಲೂ ‘ಕೌಶಲ್ಯ ತರಬೇತಿ’. ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. 1982ರಲ್ಲೇ ಉಜಿರೆಯಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಅದರ ಮಾದರಿಯಲ್ಲೇ ಮುಂದೆ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳು ಬಂದವು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ಕಲಿತವರನ್ನು ವಿಚಾರಿಸಿಕೊಳ್ಳಬೇಕು ಎನ್ನುವುದು ಪದ್ಧತಿ. ನನ್ನ ಮಟ್ಟಿಗೆ ಹೊಲಿಗೆ ಪಾಠಕ್ಕಿಂತ ಬೆಲೆಯುಳ್ಳದ್ದು ಆ ಎರಡು ವರ್ಷ. ಆದರೆ ಎಳೆಮಗು, ಕರೆಯುವ ಹಸು, ಹಾಸಿಗೆ ಹಿಡಿದ ಅತ್ತೆ ಇವರನ್ನೆಲ್ಲ ಬಿಟ್ಟು ವಾರಗಟ್ಟಲೆ ಹೋಗಿರುವುದು ಯಾರಿಗೆ ಸಾಧ್ಯ? ಬ್ಯಾಚು ತುಂಬಿಸುವವರು ಮೊದಲು ಇದನ್ನು ಕೇಳಬೇಕು.

ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿಯ ವಿಷಯ ಹೇಳುತ್ತೇನೆ. ಹೊಲಿಗೆ ಕಲಿತಳು, ಗಾರ್ಮೆಂಟ್ಸ್ ಸೇರಿದಳು. ವರ್ಷದ ನಂತರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ‘ಸಂಬಳ ಎಷ್ಟಮ್ಮ?’ ಎಂದೆ. ‘ಗೊತ್ತಿಲ್ಲ ಮೇಡಂ, ಎಟಿಎಂ ಕಾರ್ಡು ಅವರ ಹತ್ತಿರ ಇದೆ’ ಎಂದಳು. ಮದುವೆಯಲ್ಲಿ ಬಾಕಿ ಉಳಿದ ವರದಕ್ಷಿಣೆಗೆ ಸಂಬಳ ಜಮಾ ಆಗುತ್ತಿತ್ತಂತೆ! ಅವಳಿಗೆ ಕೆಲಸ ಬರುತ್ತಿತ್ತು. ಅವಳನ್ನು ಕೆಲಸಕ್ಕೆ ‘ಸಿದ್ಧ’ ಮಾಡಿದವರು ಯಾರೂ ಈ ಒಂದು ಪಾಠ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ. ಮೂರು ವರ್ಷ ಅವಳಿಗೆ ಅರ್ಥಶಾಸ್ತ್ರ ಕಲಿಸಿದವಳು ನಾನು.

2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಆರ್ಥಿಕ ಹಿಂಸೆಯೂ ಹಿಂಸೆಯೇ. ಹೊಡೆದ ಗಾಯ ತೋರಿಸಬೇಕಾಗಿಲ್ಲ. ಸಂಬಳ ಕಿತ್ತುಕೊಂಡರೂ, ಸ್ತ್ರೀಧನ ಕೊಡದೆ ಇಟ್ಟುಕೊಂಡರೂ ದೂರು ಕೊಡಬಹುದು. ಅಂಗನವಾಡಿಯ ಮೇಲಧಿಕಾರಿ ಸಿಡಿಪಿಒ ಅವರೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ. ಫೋನ್ ಮಾಡುವುದಾದರೆ 181.

ಇನ್ನು ಪಿ.ಎಫ್. ಸಂಬಳದಲ್ಲಿ ಹಿಡಿಯುವ ಆ ಹಣ ನಿಮ್ಮದು. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು 2016ರಲ್ಲಿ ನಿಯಮ ತಂದಾಗ, ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಮಗಳ ಮದುವೆ, ಮನೆಯವರ ಕಾಯಿಲೆ, ಕೆಲಸ ಬಿಟ್ಟಾಗಿನ ಹೊಟ್ಟೆಪಾಡು ಎಲ್ಲಕ್ಕೂ ಅವರು ನಂಬಿದ್ದು ಆ ಹಣವನ್ನೇ. ಕೇಂದ್ರ ಸರ್ಕಾರ ನಿಯಮವನ್ನು ವಾಪಸು ಪಡೆಯಿತು. (ಮಗಳ ಮದುವೆಗೆ ಎಂದಾಗ ನನಗೆ ಸಂಕಟವಾಗುತ್ತದೆ. ಆ ಮಾತು ಇನ್ನೊಂದು ದಿನ ಆಡೋಣ.)

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲ. ಹಾಸನಕ್ಕೆ ಹೋಗಿಬರುವ ಖರ್ಚು ಉಳಿಯಿತು, ಸರಿ. ಸಂಜೆ ಪಾಳಿ ಮುಗಿದ ಮೇಲೆ ಊರಿಗೆ ಬಸ್ಸು ಇದೆಯೇ? ಇಲ್ಲದಿದ್ದರೆ ಸಂಘದ ಹೆಸರಿನಲ್ಲೇ ಡಿಪೋ ಮ್ಯಾನೇಜರಿಗೆ ಅರ್ಜಿ ಬರೆಯೋಣ, ನಾನು ಬರೆದುಕೊಡುತ್ತೇನೆ.

ಮುಂದಿನ ಸಭೆಗೆ ನಿಮ್ಮ ಪಾಸ್‌ಬುಕ್ ತನ್ನಿ. ಕೆಲಸಕ್ಕೆ ಹೋಗುವವರು ಸಂಬಳದ ಚೀಟಿಯನ್ನೂ ತನ್ನಿ. ಪಿ.ಎಫ್. ಖಾತೆಗೆ ಯಾರ ಫೋನ್ ನಂಬರು ಸೇರಿಸಿದ್ದಾರೆ ಎನ್ನುವುದನ್ನು ಒಟ್ಟಿಗೆ ಕೂತು ನೋಡೋಣ.