ಮುಖದ ಬಣ್ಣ ಮುಖದ್ದೇ ಆಗಿರಲಿ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಫೋಟೋ ತೆಗೆಯುವುದು ನನ್ನ ಕಸುಬು. ಎಲ್ಲರಿಗೂ ಉಪಯೋಗವಾಗುವಂಥದ್ದು ಏನಾದರೂ ಹೇಳಿ ಎಂದು ಸಮಿತಿಯವರು ಕೇಳಿದ್ದಾರೆ. ಫೋಟೋದಲ್ಲಿ ಮುಖದ ಬಣ್ಣ ಸರಿಯಾಗಿ ಬರುವುದು ಹೇಗೆ ಎಂಬುದನ್ನೇ ಹೇಳುತ್ತೇನೆ. ಏಕೆಂದರೆ ಸ್ಟುಡಿಯೋಗೆ ಬಂದವರಿಂದ ನಾನು ಹೆಚ್ಚಾಗಿ ಕೇಳುವ ಮಾತು ಇದು: "ಸ್ವಲ್ಪ ಬೆಳ್ಳಗೆ ಮಾಡಿಕೊಡ್ರಿ."

ಫೋಟೋದಲ್ಲಿ ಕಪ್ಪಾಗಿ ಬಂದರೆ ಅದು ನಿಮ್ಮ ಮುಖದ ದೋಷವಲ್ಲ. ನಮ್ಮ ಹಂಪಿಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಆ ಕಾಲದ ರಾಸಾಯನಿಕಕ್ಕೆ ನೀಲಿ ಬೆಳಕು ಗೊತ್ತಿತ್ತು, ಕೆಂಪು ಗೊತ್ತಿರಲಿಲ್ಲ. ಹಾಗಾಗಿ ಬಹಳ ಹಳೆಯ ಫೋಟೋಗಳಲ್ಲಿ ಹಣೆಯ ಕುಂಕುಮ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ನಮ್ಮ ಕಂದು ಚರ್ಮದಿಂದ ಹೊರಡುವ ಬೆಳಕಿನಲ್ಲಿ ಕೆಂಪಿನ ಪಾಲೇ ಹೆಚ್ಚು. ಮುಖಗಳೂ ಇದ್ದದ್ದಕ್ಕಿಂತ ಕಪ್ಪಾಗಿಯೇ ಬಂದವು.

ಆಮೇಲೆ ಬಣ್ಣದ ಫಿಲ್ಮ್ ಬಂತು. ಅಮೆರಿಕದ ಕೊಡಕ್ ಕಂಪನಿ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಲು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರ ಹೆಸರು 'ಶರ್ಲಿ ಕಾರ್ಡ್'. ಅದರಲ್ಲಿದ್ದದ್ದು ಬಿಳಿ ಹೆಂಗಸಿನ ಮುಖ. ಅವಳ ಬಣ್ಣ ಸರಿಯಾದರೆ ಎಲ್ಲರದ್ದೂ ಸರಿ ಎಂಬ ಲೆಕ್ಕ! ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ತಮ್ಮ ಸರಕಿನ ಬಣ್ಣ ಸರಿಯಾಗಿ ಬರುತ್ತಿಲ್ಲವೆಂದು ದೂರಿದ್ದರಿಂದ ಕಂದು ಛಾಯೆಗಳತ್ತ ಗಮನ ಹರಿಯಿತು ಎಂದು ಆ ಕಂಪನಿಯಲ್ಲಿದ್ದವರೇ ಹೇಳಿದ್ದಾರೆ. ಮನುಷ್ಯರ ಮುಖಕ್ಕಿಂತ ಮೇಜು ಕುರ್ಚಿಯ ಮಾತು ಮೊದಲು ಕೇಳಿಸಿತು.

ಇನ್ನು ನಮ್ಮ ಕೈಯಲ್ಲಿರುವುದನ್ನು ನೋಡೋಣ.

ಮೊದಲನೆಯದು ಹೊತ್ತು. ಶಾಲೆಯ ಗ್ರೂಪ್ ಫೋಟೋವನ್ನು ನಡು ಮಧ್ಯಾಹ್ನ ಬಯಲಲ್ಲಿ ತೆಗೆಯಬೇಡಿ. ಹಣೆ ಹೊಳೆಯುತ್ತದೆ, ಕಣ್ಣು ಗುಳಿ ಬೀಳುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ಐದರ ಮೇಲೆ ತೆಗೆಯಿರಿ. ಆಗದಿದ್ದರೆ ವರಾಂಡದ ನೆರಳಲ್ಲಿ, ಬಯಲಿನ ಕಡೆ ಮುಖ ಮಾಡಿ ನಿಲ್ಲಿಸಿ. ಕಪ್ಪು ಮೈಬಣ್ಣಕ್ಕೆ ಅಂದ ಬರುವುದು ಅಗಲವಾದ ಮೆತ್ತನೆಯ ಬೆಳಕಿನಿಂದ. ಎದುರಿಂದ ಹೊಡೆಯುವ ಫ್ಲ್ಯಾಶ್‌ನಿಂದಲ್ಲ.

ಎರಡನೆಯದು ಅಕ್ಕಪಕ್ಕದ ಬಣ್ಣ. ಬಾಳೆತೋಟದಲ್ಲಿ ನಿಂತರೆ ಕೆನ್ನೆಗೆ ಹಸಿರು ಹತ್ತುತ್ತದೆ. ಸಂಡೂರಿನ ಕೆಮ್ಮಣ್ಣಿನ ಮೇಲೆ ನಿಂತರೆ ಗಲ್ಲ ಕೆಂಪಾಗುತ್ತದೆ. ಅಂಥಲ್ಲಿ ಕಾಲ ಬಳಿ ಒಂದು ಬಿಳಿ ಪಂಚೆ ಹಾಸಿರಿ, ಅರ್ಧ ಕೆಲಸ ಮುಗಿಯಿತು. ಕಿಟಕಿಯ ಬೆಳಕಿದ್ದರೆ ಟ್ಯೂಬ್‌ಲೈಟ್ ಆರಿಸಿ. ಎರಡು ಬಗೆಯ ಬೆಳಕು ಒಂದೇ ಮುಖದ ಮೇಲೆ ಜಗಳವಾಡುತ್ತವೆ.

ಮೂರನೆಯದು ಕ್ಯಾಮೆರಾದ ಲೆಕ್ಕ. ಅದು ಎಲ್ಲವನ್ನೂ ನಡುವಣ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಸಮವಸ್ತ್ರದ ಮಕ್ಕಳು ಸಾಲಾಗಿ ನಿಂತರೆ 'ಬೆಳಕು ಜಾಸ್ತಿಯಾಯ್ತು' ಎಂದುಕೊಂಡು ಚಿತ್ರವನ್ನು ಕಪ್ಪಾಗಿಸುತ್ತದೆ. ಮೊಬೈಲ್‌ನಲ್ಲಿ ಆಕಾಶವನ್ನೋ ಅಂಗಿಯನ್ನೋ ಮುಟ್ಟಬೇಡಿ, ಮುಖವನ್ನು ಮುಟ್ಟಿ ಬೆಳಕು ಹೊಂದಿಸಿ. ಗುಂಪಿನಲ್ಲಿ ಕಪ್ಪಗಿರುವವರನ್ನು ಬೆಳಕಿನ ಕಡೆಗೆ ನಿಲ್ಲಿಸಿ, ಮೂಲೆಗೆ ತಳ್ಳಬೇಡಿ.

ಕೊನೆಯದು ತಿದ್ದುವಿಕೆ. ನೆರಳನ್ನು ಸ್ವಲ್ಪ ತಿಳಿ ಮಾಡಬಹುದು, ಅಂಗಿಯ ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡಬಹುದು. ಅಲ್ಲಿಗೆ ನಿಲ್ಲಿಸಿ. ಬ್ಯೂಟಿ ಫಿಲ್ಟರ್ ಮುಖವನ್ನು ಬೆಳ್ಳಗೆ ಮಾಡುವಾಗ ಮೂಗಿನ ನೆರಳು, ನಗುವಿನ ಗೆರೆ ಎಲ್ಲವನ್ನೂ ಒರೆಸಿಬಿಡುತ್ತದೆ. ಮುಂದೆ ಮೊಮ್ಮಕ್ಕಳು ಗೋಡೆಯ ಮೇಲಿನ ಅಜ್ಜಿಯನ್ನು ನೋಡುವಾಗ ಅಲ್ಲಿರುವುದು ಅಜ್ಜಿಯೇ ಆಗಿರಬೇಕಲ್ಲವೇ?

ಗೋಧಿ ಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು ಎಂದು ನಮ್ಮ ಮಾತಿನಲ್ಲೇ ಎಷ್ಟೊಂದು ಬಣ್ಣಗಳಿವೆ. ಇಷ್ಟು ಹೆಸರಿಟ್ಟ ಜನ ಒಂದೇ ಬಣ್ಣವನ್ನು ಚೆಂದ ಎನ್ನುವುದು ನ್ಯಾಯವಲ್ಲ. 'ನಾನು ಕಪ್ಪಗೆ ಬರ್ತೀನಿ' ಎಂದು ಹಿಂದಿನ ಸಾಲಿಗೆ ಸರಿಯುವ ಹುಡುಗಿ ಪ್ರತಿ ತರಗತಿಯಲ್ಲೂ ಇರುತ್ತಾಳೆ. ಗುರುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಈ ಸಲದ ಗ್ರೂಪ್ ಫೋಟೋದಲ್ಲಿ ಅವಳನ್ನು ಮುಂದೆ ಕರೆಯಿರಿ. ಬೆಳಕು ಹೊಂದಿಸುವುದು ಫೋಟೋ ತೆಗೆಯುವವರ ಕೆಲಸ.