ಮರೆಸುವ ಗಿಡವೂ ಮರೆವಿನ ಕಾಯಿಲೆಯೂ

1960ರ ದಶಕದ ಆರಂಭ. ಇಸ್ರೇಲಿನ ಟೆಲ್ ಅವೀವ್‌ನಿಂದ ರೆಹೋವೋತ್ ಊರಿಗೆ ಹೊರಟ ಬಸ್ಸಿನಲ್ಲಿ ಒಂದು ಚೀಲ. ಬಸ್ಸು ಹೊರಟ ಮೇಲೆ ಎಂಥದೋ ವಾಸನೆ ಏಳತೊಡಗಿತು. ಎಲ್ಲಿಂದ ಬರುತ್ತಿದೆ ಇದು ಎಂದು ಜನ ಆಚೀಚೆ ನೋಡಿದರು. ಚೀಲದ ಒಡೆಯ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಕೂತಿದ್ದಿರಬೇಕು, ಯಾಕೆಂದರೆ ಅದರಲ್ಲಿದ್ದದ್ದು 5 ಕಿಲೋ ಹಶೀಶ್. ಗಾಂಜಾ ಗಿಡದ ಅಂಟಿನಿಂದ ಮಾಡುವ ಅದಕ್ಕೆ ನಮ್ಮ ದೇಶದಲ್ಲಿ ಚರಸ್ ಅನ್ನುತ್ತಾರೆ. ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ಮಾಲು. ಕೊಟ್ಟವರು ಯಾರು ಗೊತ್ತೇ? ಪೊಲೀಸರೇ!

ಚೀಲ ಹೊತ್ತಿದ್ದವರು ರಫಾಯಲ್ ಮೆಶೂಲಮ್. ಬಲ್ಗೇರಿಯಾದಲ್ಲಿ ಹುಟ್ಟಿ, ಇಸ್ರೇಲಿಗೆ ಬಂದು, ರೆಹೋವೋತ್‌ನ ವೈಜ್‌ಮನ್ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿಯಾಗಿದ್ದವರು. ಹಾಗೆ ಕೊಡುವ ಅಧಿಕಾರ ಪೊಲೀಸರಿಗೂ ಇರಲಿಲ್ಲ, ಒಯ್ಯುವ ಅಧಿಕಾರ ಇವರಿಗೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಆರೋಗ್ಯ ಇಲಾಖೆಯವರ ಕ್ಷಮೆ ಕೇಳಿ ಪಾರಾದರು.

ಅವರಿಗೆ ಬೇಕಿದ್ದದ್ದು ನಶೆಯಲ್ಲ, ಒಂದು ಪ್ರಶ್ನೆಗೆ ಉತ್ತರ. ಅಫೀಮಿನಲ್ಲಿ ನೋವು ತಗ್ಗಿಸುವ ಮಾರ್ಫಿನ್ ಇದೆ ಎಂಬುದು ಆ ಹೊತ್ತಿಗೆ ನೂರೈವತ್ತು ವರ್ಷ ಹಳೆಯ ಸಂಗತಿ. ಆದರೆ ಗಾಂಜಾದಲ್ಲಿ ತಲೆಗೇರುವ ವಸ್ತು ಯಾವುದು, ಅದರ ರಚನೆ ಹೇಗಿದೆ ಎಂದು ಯಾರೂ ಖಚಿತವಾಗಿ ಹೇಳಿರಲಿಲ್ಲ. ಆ ಗಿಡದೊಳಗಿನ ಇಂಥ ವಸ್ತುಗಳೆಲ್ಲ ಎಣ್ಣೆಯ ಜಾತಿಯವು. ಒಂದಕ್ಕೊಂದು ಎಷ್ಟು ಹೋಲುತ್ತವೆ ಎಂದರೆ ಬೇರ್ಪಡಿಸುವುದೇ ಕಷ್ಟ. ಮೆಶೂಲಮ್ ಮತ್ತು ಅವರ ಜೊತೆಗಾರ ಯೆಹಿಯೆಲ್ ಗವೋನಿ 1964ರಲ್ಲಿ ಅದನ್ನು ಬಿಡಿಸಿ ತೋರಿಸಿದರು. ಅದರ ಹೆಸರು ಟೆಟ್ರಾಹೈಡ್ರೋಕ್ಯಾನಬಿನಾಲ್. ಬಾಯಿ ಹೊರಳದಿದ್ದರೆ ಟಿಎಚ್‌ಸಿ ಅನ್ನಿ, ವಿಜ್ಞಾನಿಗಳೂ ಹಾಗೇ ಅನ್ನುವುದು. ಅದೇ ಗಿಡದಲ್ಲಿ ಸಿಬಿಡಿ ಎಂಬ ಇನ್ನೊಂದು ವಸ್ತುವೂ ಇದೆ. ಅದು ನಶೆ ಏರಿಸುವುದಿಲ್ಲ.

ಮೆಶೂಲಮ್ ಮುಂದೆ ಮಾಡಿದ ಒಂದು ಕೆಲಸವನ್ನು ಇವತ್ತು ಯಾವ ವಿಜ್ಞಾನಿ ಮಾಡಿದರೂ ಕೆಲಸ ಕಳೆದುಕೊಂಡಾರು. ಹತ್ತು ಮಂದಿ ಗೆಳೆಯರನ್ನು ಮನೆಗೆ ಕರೆದು, ಐವರಿಗೆ ಟಿಎಚ್‌ಸಿ ಬೆರೆಸಿದ ಕೇಕು, ಐವರಿಗೆ ಬರೀ ಕೇಕು ಕೊಟ್ಟರು. ಬರೀ ಕೇಕು ತಿಂದವರಿಗೆ ಏನೂ ಆಗಲಿಲ್ಲ. ಉಳಿದವರಲ್ಲಿ ಒಬ್ಬರು ಮಾತು ನಿಲ್ಲಿಸಲೇ ಇಲ್ಲ, ಇನ್ನೊಬ್ಬರಿಗೆ ಆಗಾಗ ಸುಮ್ಮಸುಮ್ಮನೆ ನಗು, ಮತ್ತೊಬ್ಬರಿಗೆ ವಿಪರೀತ ಹೆದರಿಕೆ. ವಸ್ತು ಒಂದೇ, ಅಳತೆ ಒಂದೇ, ಆಟ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು. ಆ ‘ಬರೀ ಕೇಕು’ ತಿಂದ ಐವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಅವರಂಥವರು ಇಲ್ಲದೆ ಔಷಧದ ಪರೀಕ್ಷೆಯೇ ಇಲ್ಲ.

ಎಲ್ಲಿಯದೋ ಗಿಡದ ಅಂಟು ನಮ್ಮ ತಲೆಯೊಳಗೆ ಕೆಲಸ ಮಾಡುವುದಾದರೂ ಹೇಗೆ? 1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಮತ್ತು ವಿಲಿಯಂ ಡೆವೇನ್ ಅವರು ಮೆದುಳಿನ ನರಕೋಶಗಳ ಮೈಮೇಲೆ ಟಿಎಚ್‌ಸಿ ಬಂದು ಕೂರುವ ತಾಣಗಳಿವೆ ಎಂದು ತೋರಿಸಿದರು. ಗಾಂಜಾ ಬರಲಿ ಎಂದು ಮೆದುಳು ಕಾದು ಕೂತಿರುತ್ತದೆಯೇ? ಇಲ್ಲ. ಹಾಗಾದರೆ ಅಲ್ಲಿ ಕೂರಲು ಮೆದುಳು ತನ್ನದೇ ವಸ್ತುವನ್ನು ತಯಾರಿಸುತ್ತಿರಬೇಕು. ಮೆಶೂಲಮ್ ಅವರ ತಂಡ ಹುಡುಕಿ ಹುಡುಕಿ 1992ರಲ್ಲಿ ಹಂದಿಯ ಮೆದುಳಿನಲ್ಲಿ ಅದನ್ನು ಕಂಡಿತು, ಸಂಸ್ಕೃತದ ಆನಂದವನ್ನು ಸೇರಿಸಿ ಆನಂದಮೈಡ್ ಎಂದು ಹೆಸರಿಟ್ಟಿತು. ಇಂಥವು ನಮ್ಮ ನಿಮ್ಮ ಮೆದುಳಿನಲ್ಲೂ ಇವೆ.

ಅವುಗಳ ಕೆಲಸ ಸ್ವಾರಸ್ಯವಾಗಿದೆ. ಮದುವೆಯೂಟದ ಪಂಕ್ತಿಯಲ್ಲಿ ಕೂತದ್ದು ನೆನಪು ಮಾಡಿಕೊಳ್ಳಿ. ಬಡಿಸುವವರು ಸಾರು ಸುರಿಯುತ್ತಲೇ ಇರುತ್ತಾರೆ. ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಅಂದಾಗಲೇ ಸೌಟು ನಿಲ್ಲುವುದು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದೂ ರಾಸಾಯನಿಕಗಳನ್ನು ಸುರಿದೇ. ಸುರಿದದ್ದು ಹೆಚ್ಚಾಯಿತು ಅನ್ನಿಸಿದರೆ, ಪಡೆಯುವ ಕೋಶ ಇಂಥ ವಸ್ತುವನ್ನು ಒಂದಿಷ್ಟು ತಯಾರಿಸಿ ಹಿಂದಕ್ಕೆ ಕಳಿಸುತ್ತದೆ. ಕೊಡುವ ಕೋಶ ಕೈ ಬಿಗಿ ಮಾಡುತ್ತದೆ. ಬೇಕಾದಾಗ, ಬೇಕಾದ ಕಡೆ ಹುಟ್ಟಿ, ಕೆಲಸ ಮುಗಿದ ಕೂಡಲೇ ಒಡೆದುಹೋಗುವ ‘ಸಾಕು’ ಅದು. ಟಿಎಚ್‌ಸಿ ಹಾಗಲ್ಲ. ಯಾರೂ ಕೇಳದಿದ್ದರೂ ಪಂಕ್ತಿಯ ಎಲೆಗಳಿಗೆಲ್ಲ ಒಟ್ಟಿಗೆ ಅಡ್ಡ ಕೈ ಹಿಡಿದುಬಿಡುತ್ತದೆ, ಅದೂ ಗಂಟೆಗಟ್ಟಲೆ.

ಮೆದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಜಾಗವಿದೆ. ಇವತ್ತು ನಡೆದದ್ದನ್ನು ನಾಳೆಗೆ ನೆನಪಾಗಿ ಉಳಿಸುವಲ್ಲಿ ಅದರ ಪಾಲು ದೊಡ್ಡದು. ಟಿಎಚ್‌ಸಿ ಕೂರುವ ತಾಣಗಳು ಅಲ್ಲಿ ದಟ್ಟವಾಗಿವೆ. ಅದಕ್ಕೇ ಗಾಂಜಾ ಸೇದಿದವರಿಗೆ ಈಗ ತಾನೇ ಆಡಿದ ಮಾತು ಮರೆತುಹೋಗುತ್ತದೆ. ಇಂಥ ಮರೆಸುವ ಗಿಡವನ್ನು ಮರೆವಿನ ಕಾಯಿಲೆಗೇ ಮದ್ದಾಗಿ ಪರೀಕ್ಷಿಸುತ್ತಿದ್ದಾರೆ ಎಂದರೆ ನೀವು ಹುಬ್ಬೇರಿಸಿದರೆ ತಪ್ಪಿಲ್ಲ.

ಆ ಕಾಯಿಲೆಯ ಬಗ್ಗೆಯೂ ಸ್ವಲ್ಪ ತಿಳಿಯೋಣ. ಅರವತ್ತಕ್ಕೆ ಅರಳು ಮರಳು ಎಂದು ನಮ್ಮಲ್ಲಿ ನಗೆಯಾಡುವುದುಂಟು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಯಾರಿಗೂ ಆದೀತು. ಒಲೆ ಹೊತ್ತಿಸುವುದು ಹೇಗೆ ಎಂಬುದೇ ಮರೆತುಹೋದರೆ ಅದು ವಯಸ್ಸಿನ ಮರೆವಲ್ಲ, ಕಾಯಿಲೆ. ಅದಕ್ಕೆ ಡಿಮೆನ್ಶಿಯಾ ಅನ್ನುತ್ತಾರೆ. ಅದರಲ್ಲಿ ಬಗೆಗಳು ಹಲವು, ಹೆಚ್ಚಾಗಿ ಕಾಣುವುದು ಆಲ್ಝೈಮರ್. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ 51 ವರ್ಷದ ಹೆಂಗಸೊಬ್ಬರು ಬಂದರು. ನೋಡಿದ ವೈದ್ಯರು ಅಲೋಯಿಸ್ ಆಲ್ಝೈಮರ್. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಅವರು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ನರಕೋಶಗಳ ಹೊರಗೆ ಏನೋ ಗಡ್ಡೆಗಟ್ಟಿತ್ತು, ಒಳಗೆ ಎಳೆಗಳು ಸಿಕ್ಕುಗಟ್ಟಿದ್ದವು. ಹೊರಗಿನ ಗಡ್ಡೆ ಅಮೈಲಾಯ್ಡ್ ಎಂಬ ಪ್ರೋಟೀನಿನದು ಎಂದು ನಮಗೆ ಈಗ ಗೊತ್ತು. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು ಅಂದಾಜು.

ಮನೆಯವರನ್ನು ಹೈರಾಣ ಮಾಡುವುದು ಬರೀ ಮರೆವಲ್ಲ. ಸಂಜೆಯಾದರೆ ಸಾಕು, ‘ನಮ್ಮನೆಗೆ ಹೋಗಬೇಕು’ ಎಂದು ತಮ್ಮದೇ ಮನೆಯ ಬಾಗಿಲಲ್ಲಿ ಬಟ್ಟೆಗಂಟು ಹಿಡಿದು ನಿಲ್ಲುವ ಅಜ್ಜಿ, ಸ್ನಾನಕ್ಕೆ ಕರೆದರೆ ಹೊಡೆಯಲು ಬರುವ ಅಜ್ಜ, ರಾತ್ರಿಯಿಡೀ ಪಡಸಾಲೆಯಲ್ಲಿ ಓಡಾಟ, ತಟ್ಟೆ ಮುಂದಿಟ್ಟರೆ ಬೇಡ ಎಂಬ ಹಟ. ಅವರು ಬೇಕೆಂದು ಹಾಗೆ ಮಾಡುವುದಿಲ್ಲ, ಕಾಯಿಲೆ ಮಾಡಿಸುತ್ತದೆ. ಈ ಚಡಪಡಿಕೆ ತಗ್ಗಿಸಲು ಮನೋರೋಗದ ಕೆಲವು ಔಷಧಗಳನ್ನು ಕೊಡುತ್ತಾ ಬಂದಿದ್ದಾರೆ. ಆದರೆ ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಅವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದರು. ವೈದ್ಯರು ಬೇರೆ ದಾರಿ ಹುಡುಕುವುದಕ್ಕೆ ಇದೊಂದು ಕಾರಣ.

ಹಾಗಾಗಿ ನಮ್ಮ ಮುಂದಿರುವ ಪ್ರಶ್ನೆ ಒಂದಲ್ಲ, ಎರಡು. ಗಾಂಜಾದ ವಸ್ತುಗಳು ಹೋದ ನೆನಪನ್ನು ತಂದುಕೊಡುತ್ತವೆಯೇ? ಅಥವಾ ಚಡಪಡಿಸುವ ಜೀವಕ್ಕೆ ಒಂದಿಷ್ಟು ಸಮಾಧಾನ ಕೊಡುತ್ತವೆಯೇ? ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗಿರುತ್ತವೆ.

ಮೊದಲನೆಯದನ್ನು ನೋಡೋಣ. 2016ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ಪ್ರಯೋಗಾಲಯದ ಬಟ್ಟಲಿನಲ್ಲಿ ಬೆಳೆಸಿದ ನರಕೋಶಗಳಿಗೆ ಟಿಎಚ್‌ಸಿ ಹಾಕಿದಾಗ ಅಮೈಲಾಯ್ಡ್ ಕಡಿಮೆಯಾಯಿತು. ಒಳ್ಳೆಯ ಸುದ್ದಿಯೇ. ಆದರೆ ಬಟ್ಟಲಿಗೆ ಮೊಮ್ಮಕ್ಕಳ ಹೆಸರು ನೆನಪಿರಬೇಕಾಗಿಲ್ಲ, ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಭಯವೂ ಇಲ್ಲ. ಅಲ್ಲಿಂದ ಮನುಷ್ಯರವರೆಗೆ ಬಲು ದೂರ.

ಮರುವರ್ಷ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಿಂದ ಬಂದ ಸುದ್ದಿ ನನಗೆ ಇನ್ನೂ ಹೆಚ್ಚು ಇಷ್ಟ. ಆಂಡ್ರಿಯಾಸ್ ತ್ಸಿಮ್ಮರ್ ಅವರ ತಂಡ ಇಲಿಗಳಿಗೆ 28 ದಿನ ತೀರ ಸಣ್ಣ ಪ್ರಮಾಣದಲ್ಲಿ ಟಿಎಚ್‌ಸಿ ಕೊಟ್ಟು, ದಾರಿ ಹುಡುಕುವ, ಗುರುತು ಹಿಡಿಯುವ ಪರೀಕ್ಷೆ ಒಡ್ಡಿತು. 12 ಮತ್ತು 18 ತಿಂಗಳ ಇಲಿಗಳು, ಅಂದರೆ ಇಲಿಗಳ ಲೆಕ್ಕದಲ್ಲಿ ನಡುವಯಸ್ಸಿನವು ಮತ್ತು ಮುದುಕರು, ಎಳೆಯ ಇಲಿಗಳಿಗೆ ಸರಿಸಮನಾಗಿ ಪಾಸಾದವು! ಅದೇ ಮದ್ದನ್ನು ಅದೇ ಅಳತೆಯಲ್ಲಿ ಪಡೆದ 2 ತಿಂಗಳ ಇಲಿಗಳ ಗತಿ? ಅವು ಮೊದಲಿಗಿಂತ ದಡ್ಡವಾದವು. ವಯಸ್ಸಾದಂತೆ ಮೆದುಳಿನ ಸ್ವಂತ ‘ಸಾಕು’ ಕುಗ್ಗುತ್ತದೆ, ಮುದಿ ಇಲಿಗಳಿಗೆ ಆ ಕೊರತೆ ತುಂಬಿತು, ಎಳೆಯವಕ್ಕೆ ಕೊರತೆಯೇ ಇರಲಿಲ್ಲವಾಗಿ ಹೆಚ್ಚಾಗಿ ಕೆಟ್ಟಿತು ಎಂಬುದು ವಿಜ್ಞಾನಿಗಳ ವಿವರಣೆ. ಸುದ್ದಿ ಮಾಡಿದವರು ಮುದಿ ಇಲಿಗಳನ್ನು ಕೊಂಡಾಡಿದಷ್ಟು ಮರಿ ಇಲಿಗಳನ್ನು ನೆನೆಯಲಿಲ್ಲ. ಇದನ್ನು ಓದುತ್ತಿರುವ ನಿಮ್ಮ ಮೆದುಳು ಯಾವ ಇಲಿಯ ಕಡೆಗೆ ಹತ್ತಿರ ಎಂದು ನಾನು ಹೇಳಬೇಕಾಗಿಲ್ಲ.

ಇನ್ನು ಮನುಷ್ಯರು. ಮರೆತದ್ದನ್ನು ಗಾಂಜಾ ಮರಳಿ ತಂದುಕೊಟ್ಟಿತು ಎಂದು ಇದುವರೆಗೆ ಯಾವ ಪರೀಕ್ಷೆಯೂ ಗಟ್ಟಿಯಾಗಿ ತೋರಿಸಿಲ್ಲ. ಅಲ್ಲಿಗೆ ಮೊದಲ ಪ್ರಶ್ನೆ ಸದ್ಯಕ್ಕೆ ನಿಂತಿತು. ಎರಡನೆಯದರ ಕಥೆ ಉದ್ದ.

ನೆದರ್ಲೆಂಡ್ಸ್‌ನ ವೈದ್ಯರು ಡಿಮೆನ್ಶಿಯಾ ಇದ್ದ 50 ಮಂದಿಯಲ್ಲಿ 24 ಜನರಿಗೆ ಟಿಎಚ್‌ಸಿ ಮಾತ್ರೆ, 26 ಜನರಿಗೆ ನೋಡಲು ಅದೇ ತರಹ ಇದ್ದ ಹುಸಿ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಮೂರು ವಾರ ಕಳೆಯಿತು. ಟಿಎಚ್‌ಸಿ ಪಡೆದವರ ಚಡಪಡಿಕೆ ಇಳಿಯಿತು! ಹುಸಿ ಮಾತ್ರೆಯವರನ್ನು ನೋಡಿದರೆ ಅವರದೂ ಇಳಿದಿತ್ತು, ಅಷ್ಟೇ. 26 ಜನರ ಆ ಗುಂಪು ಇಲ್ಲದಿದ್ದರೆ ‘ಗಾಂಜಾದಿಂದ ಗುಣ’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಪರೀಕ್ಷೆಯ ನೆಪದಲ್ಲಿ ಯಾರೋ ಬಂದು ಮಾತಾಡಿಸುತ್ತಾರೆ, ಹೇಗಿದ್ದೀರಿ ಎಂದು ಗಮನಿಸುತ್ತಾರೆ. ಇಂಥ ಆರೈಕೆಯಿಂದಲೇ ಮನಸ್ಸು ತಿಳಿಯಾಗಿದ್ದಿರಬಹುದು. ಕೊಟ್ಟ ಅಳತೆ ತೀರ ಕಡಿಮೆಯಾಗಿತ್ತೇನೋ ಎಂಬ ಅನುಮಾನವೂ ಆ ವೈದ್ಯರಿಗೆ ಇತ್ತು. 2015ರಲ್ಲಿ ಎಲ್ಲವನ್ನೂ ಬಚ್ಚಿಡದೆ ಪ್ರಕಟಿಸಿದರು.

ಕೆನಡಾದ ಟೊರಾಂಟೊದಲ್ಲಿ ನಡೆದದ್ದು ಬೇರೆ. ಅಲ್ಲಿ ಕೊಟ್ಟದ್ದು ನಬಿಲೋನ್, ಅಂದರೆ ಟಿಎಚ್‌ಸಿಯ ಮಾದರಿಯಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿದ ಔಷಧ. ಅದರಲ್ಲಿ ಗಾಂಜಾದ ಒಂದೆಲೆಯೂ ಇಲ್ಲ. ಸರಾಸರಿ ವಯಸ್ಸು 87 ಇದ್ದ ಹಿರಿಯರು. ಒಬ್ಬರಿಗೇ ಆರು ವಾರ ಔಷಧ, ಆರು ವಾರ ಹುಸಿ ಮಾತ್ರೆ, ನಡುವೆ ಬಿಡುವು. ಔಷಧದ ವಾರಗಳಲ್ಲಿ ಚಡಪಡಿಕೆ ನಿಜಕ್ಕೂ ಕಡಿಮೆಯಾಯಿತು. ಜೊತೆಗೆ ನೂರಕ್ಕೆ 45 ಮಂದಿಗೆ ಮಂಪರು, ಹುಸಿ ಮಾತ್ರೆಯಲ್ಲಿ ಅದು 16 ಮಾತ್ರ. ಶಾಂತರಾದರೋ, ನಿದ್ದೆಗಣ್ಣಾದರೋ? ನನ್ನನ್ನು ಕೇಳಿದರೆ ಇದು ಬಹಳ ಮುಖ್ಯವಾದ ಪ್ರಶ್ನೆ. ಮಂಪರಿನಲ್ಲಿ ಎದ್ದು ನಡೆದ ಅಜ್ಜ ಬಿದ್ದರೆ ಸಮಾಧಾನದ ಬೆಲೆ ದುಬಾರಿಯಾಗುತ್ತದೆ.

2021ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯವರು ಅಂದಿನವರೆಗೆ ಜಗತ್ತಿನಲ್ಲಿ ನಡೆದ ಸರಿಯಾದ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಸಿಕ್ಕಿದ್ದು ನಾಲ್ಕು, ಎಲ್ಲ ಸೇರಿ 126 ಜನ. ಉಪಯೋಗವಿದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು ಎಂದು ಬರೆದರು. ಆಮೇಲೆ ಇಸ್ರೇಲಿನಲ್ಲಿ ಸಿಬಿಡಿ ಹೆಚ್ಚಿರುವ ಎಣ್ಣೆಯಿಂದ, ಅಮೆರಿಕದಲ್ಲಿ ಇನ್ನೊಂದು ಮಾತ್ರೆಯಿಂದ ಚಡಪಡಿಕೆ ಕಡಿಮೆಯಾದ ವರದಿಗಳು ಬಂದಿವೆ. ಅವೂ ಸಣ್ಣ ಪರೀಕ್ಷೆಗಳೇ. ಸಾಕಷ್ಟು ಜನರ ಮೇಲೆ ಪರೀಕ್ಷೆ ನಡೆದರೆ ಈ ಗಿಡದಿಂದಲೂ ಔಷಧ ಬರುತ್ತದೆ. ಮಕ್ಕಳನ್ನು ಕಾಡುವ ಎರಡು ಘೋರ ಬಗೆಯ ಮೂರ್ಛೆರೋಗಕ್ಕೆ ಶುದ್ಧ ಸಿಬಿಡಿಯ ಔಷಧವನ್ನು ಅಮೆರಿಕ 2018ರಲ್ಲಿ ಒಪ್ಪಿಕೊಂಡದ್ದು ಹಾಗೆ.

ಇಷ್ಟು ಕೇಳಿ ಯಾರಾದರೂ ‘ಹಾಗಾದರೆ ಅಜ್ಜನಿಗೆ ಒಂದು ಚೂರು ಭಂಗಿ ಸೊಪ್ಪು ಅರೆದು ಕೊಟ್ಟರಾಯಿತು’ ಎನ್ನಬಹುದು. ಬೇಡವೇ ಬೇಡ. ಸೊಪ್ಪಿನಲ್ಲಿ ಟಿಎಚ್‌ಸಿ ಎಷ್ಟಿದೆ ಎಂದು ನಾಲಿಗೆಗೆ ಗೊತ್ತಾಗುವುದಿಲ್ಲ. ಅಜ್ಜ ದಿನವೂ ನುಂಗುವ ರಕ್ತ ತೆಳುಮಾಡುವ ಮಾತ್ರೆಯಂಥವುಗಳ ಜೊತೆ ಅದು ಜಗಳಕ್ಕಿಳಿಯಬಹುದು. ಗಾಂಜಾ, ಚರಸ್ ನಮ್ಮ ದೇಶದಲ್ಲಿ 1985ರ ಕಾನೂನಿನ ಪ್ರಕಾರ ನಿಷಿದ್ಧವೂ ಹೌದು.

ಚಡಪಡಿಸುವ ಅಜ್ಜಿಗೆ ಹಾಗಾದರೆ ಏನು ಮಾಡುವುದು? ನಾರ್ವೆಯವರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ, ಅದರ ಗಾತ್ರ ಗಾಂಜಾದ ಆ ನಾಲ್ಕು ಪರೀಕ್ಷೆಗಳನ್ನು ಕೂಡಿಸಿದರೂ ಮೀರುತ್ತದೆ. 18 ವೃದ್ಧಾಶ್ರಮಗಳ 352 ಮಂದಿ. ಎಲ್ಲರಿಗೂ ಡಿಮೆನ್ಶಿಯಾ, ಎಲ್ಲರೂ ಚಡಪಡಿಸುವವರೇ. ವೈದ್ಯರ ಊಹೆ ಸರಳವಾಗಿತ್ತು: ಇವರಿಗೆ ಎಲ್ಲೋ ನೋಯುತ್ತಿದೆ, ಹೇಳಲು ಮಾತು ಹೊಳೆಯದೆ ಕೂಗಾಡುತ್ತಿದ್ದಾರೆ. ಒಂದು ಗುಂಪಿಗೆ ಎಂಟು ವಾರ ಕ್ರಮವಾಗಿ ನೋವಿನ ಔಷಧ ಕೊಟ್ಟರು. ಹೆಚ್ಚಿನವರಿಗೆ ಕೊಟ್ಟದ್ದು ಜ್ವರ ಬಂದಾಗ ನಿಮಗೂ ಕೊಡುವ ಪ್ಯಾರಾಸಿಟಮಾಲ್. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆಯೇ ನಡೆಯಿತು. ಎಂಟು ವಾರಕ್ಕೆ ಮೊದಲ ಗುಂಪಿನ ಚಡಪಡಿಕೆ ಇನ್ನೊಂದಕ್ಕಿಂತ ನೂರಕ್ಕೆ 17ರಷ್ಟು ಕಡಿಮೆಯಾಗಿತ್ತು. ಬಳಿಕ ಆ ಔಷಧವನ್ನು ನಿಲ್ಲಿಸಿ ನಾಲ್ಕು ವಾರ ನೋಡಿದರು. ಚಡಪಡಿಕೆ ಮತ್ತೆ ಏರಿತು.